ನೋವು ಗೊತ್ತಾಗದ ಪಾದಕ್ಕೆ ಚಪ್ಪಲಿ ಹೊಲಿದವರು

ರೇಷ್ಮೆ ಸೀರೆ ಉಟ್ಟರೂ ನೂಲು ಸೀರೆ ಉಟ್ಟರೂ ನನ್ನ ಕಾಲಲ್ಲಿರುವುದು ಒಂದೇ ಬಗೆಯ ಚಪ್ಪಲಿ. ಬೆರಳು ತೂರಿಸುವ ಉಂಗುಟ ಅದಕ್ಕಿಲ್ಲ. ಮೇಲೆ ಎರಡು ಅಗಲ ಪಟ್ಟಿ, ಹಿಮ್ಮಡಿಯ ಹಿಂದೆ ಒಂದು ಬಾರು, ಕೆಳಗೆ ಗಟ್ಟಿ ಅಟ್ಟೆ. ಎಲ್ಲಿ ಹುಡುಕಿದರೂ ಒಂದು ಮೊಳೆ ಸಿಗುವುದಿಲ್ಲ. ಪಾದ ಕೂರುವ ಜಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿದರೆ ರಬ್ಬರು ಮೆತ್ತಗೆ ಒಳಗೆ ಹೋಗಿ, ಬಿಟ್ಟ ಕೂಡಲೇ ಮೇಲೆ ಬರುತ್ತದೆ. ಡಾಕ್ಟರೂ ಅಂಗಡಿಯವರೂ ನಮ್ಮಂಥ ಸಕ್ಕರೆ ಕಾಯಿಲೆಯವರೂ ಇದನ್ನು ಎಂಸಿಆರ್ ಚಪ್ಪಲಿ ಎನ್ನುತ್ತೇವೆ. ಮೈಕ್ರೋ ಸೆಲ್ಯುಲರ್ ರಬ್ಬರ್, ಅಂದರೆ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗೂಡುಗಳಿರುವ ರಬ್ಬರು. ಇವತ್ತು ಊರೂರಿನ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವವರಲ್ಲಿ ಬಹಳ ಜನಕ್ಕೆ ಇದು ಮೊದಲು ಯಾರ ಕಾಲಿಗೆಂದು ಹುಟ್ಟಿತು ಎಂಬುದು ತಿಳಿದಿಲ್ಲ. ಇದು ಕುಷ್ಠರೋಗಿಗಳ ಚಪ್ಪಲಿ.

ಈ ಮಾತು ಹೇಳಿದಾಗ ನಮ್ಮ ಪ್ರಾರ್ಥನಾ ಕೂಟದಲ್ಲಿ ಒಬ್ಬಾಕೆ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡರು. ಅವರೂ ಅದನ್ನೇ ಹಾಕಿದ್ದರು. "ಏನಕ್ಕಾ ನೀವು, ಹಂಗೆಲ್ಲಾ ಅನ್ಬಾರ್ದು" ಎಂದರು. ಅವರ ತಪ್ಪಿಲ್ಲ. ಕುಷ್ಠ ಎಂಬ ಹೆಸರನ್ನೇ ಬಾಯಿಗೆ ತರದೆ 'ದೊಡ್ಡ ರೋಗ' ಎಂದು ದನಿ ತಗ್ಗಿಸಿ ಹೇಳುವ ಮನೆಗಳಲ್ಲೇ ನಾವೆಲ್ಲ ಬೆಳೆದದ್ದು. ನಾನು ಕೋಲಾರದ ಕಡೆಯ ಮೆಥಡಿಸ್ಟ್ ಸಭೆಯವಳು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಸಕ್ಕರೆ ಕಾಯಿಲೆ ನನಗೆ ಹಳೆಯ ಒಡನಾಡಿ. ಪಾದಗಳಲ್ಲಿ ಮೊದಲು ಜೋಮು ಬಂತು, ಆಮೇಲೆ ರಾತ್ರಿಯ ಉರಿ, ಆಮೇಲೆ ಏನೂ ಇಲ್ಲ. ಆ 'ಏನೂ ಇಲ್ಲ' ಎನ್ನುವುದೇ ದೊಡ್ಡ ಅಪಾಯ ಎಂದು ತೋರಿಸಿಕೊಟ್ಟವರು ಕುಷ್ಠರೋಗಿಗಳು, ಮತ್ತು ಅವರ ಎದುರು ಕೂತು ಅವರ ಕೈಕಾಲುಗಳನ್ನು ತಾಳ್ಮೆಯಿಂದ ನೋಡಿದ ಕೆಲವರು ಕ್ರೈಸ್ತ ವೈದ್ಯರು. ಆ ಪಾಠ ನಡೆದ ಊರು ನಮಗೆ ದೂರವೂ ಅಲ್ಲ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರೆ ವೆಲ್ಲೂರು.

ಕ್ರೈಸ್ತ ಮಿಷನ್‌ಗಳಿಗೂ ಈ ರೋಗಕ್ಕೂ ಹಳೆಯ ಸಂಬಂಧವಿದೆ. ಅಂಬಾಲದಲ್ಲಿ ಶಾಲಾ ಮೇಷ್ಟರಾಗಿದ್ದ ಐರ್ಲೆಂಡಿನ ವೆಲೆಸ್ಲಿ ಬೇಲಿ 1874ರಲ್ಲಿ ಕುಷ್ಠರೋಗಿಗಳಿಗಾಗಿಯೇ ಒಂದು ಮಿಷನ್ ಕಟ್ಟಿದರು. ಅದರ ಹಿಂದಿನ ವರ್ಷ, 1873ರಲ್ಲಿ, ನಾರ್ವೆಯ ಹ್ಯಾನ್ಸನ್ ರೋಗಾಣುವನ್ನು ಕಂಡುಹಿಡಿದಿದ್ದರು. ಬೆಲ್ಜಿಯಂನ ಪಾದ್ರಿ ಡೇಮಿಯನ್ ಹವಾಯಿಯ ಮೊಲೊಕಾಯ್ ದ್ವೀಪದ ರೋಗಿಗಳ ನಡುವೆ ವಾಸಕ್ಕೆ ಹೋದದ್ದೂ ಅದೇ ವರ್ಷ. ತಾವೂ ಅದೇ ರೋಗಕ್ಕೆ ತುತ್ತಾಗಿ 1889ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚತೊಡಗಿದ ಜರ್ಮನ್ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗೂ ಒಂದು ಆಶ್ರಯ ತೆರೆದರು.

ಈ ಆಶ್ರಯಗಳಲ್ಲಿ ಊಟವಿತ್ತು, ಹಾಸಿಗೆಯಿತ್ತು, ಹುಣ್ಣು ತೊಳೆದು ಬಟ್ಟೆ ಕಟ್ಟುವ ಕೈಯಿತ್ತು, ಪ್ರಾರ್ಥನೆಯಿತ್ತು. ಮದ್ದು ಮಾತ್ರ ಇರಲಿಲ್ಲ. ಇದ್ದದ್ದು ಚಾಲ್‌ಮೋಗ್ರ ಮರದ ಬೀಜದ ಎಣ್ಣೆ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಗರುಡಫಲ ಎನ್ನುತ್ತಾರಲ್ಲ, ಅದೂ ಇದೇ ಜಾತಿಗೆ ಸೇರಿದ ಮರ. ಕುಡಿದರೆ ಹೊಟ್ಟೆ ತೊಳಸುತ್ತಿತ್ತು, ಚುಚ್ಚಿಸಿಕೊಂಡರೆ ಪ್ರಾಣ ಹೋಗುವಷ್ಟು ನೋವು, ಗುಣ ಮಾತ್ರ ಅಷ್ಟಕ್ಕಷ್ಟೆ. ಇನ್ನೊಂದು ಕಡೆ ಸರ್ಕಾರ 1898ರಲ್ಲಿ ಕಾಯಿದೆ ತಂದು, ಬೀದಿಯಲ್ಲಿ ಭಿಕ್ಷೆ ಬೇಡುವ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕುವ ಅಧಿಕಾರ ಪಡೆಯಿತು. ಆ ಕಾಯಿದೆ ಪೂರ್ತಿಯಾಗಿ ರದ್ದಾಗುವ ಹೊತ್ತಿಗೆ 2016 ಬಂದಿತ್ತು.

ಮದ್ದು ಬಂದದ್ದು 1940ರ ದಶಕದಲ್ಲಿ. ಅಮೆರಿಕದ ಲೂಯಿಸಿಯಾನಾ ರಾಜ್ಯದ ಕಾರ್ವಿಲ್ ಎಂಬಲ್ಲಿನ ಕುಷ್ಠರೋಗ ಆಸ್ಪತ್ರೆಯಲ್ಲಿ 1941ರಲ್ಲಿ ಸಲ್ಫೋನ್ ಔಷಧದ ಪ್ರಯೋಗ ಶುರುವಾಯಿತು. ಚೆನ್ನೈ ಸಮೀಪದ ಚೆಂಗಲ್ಪಟ್ಟಿನಲ್ಲಿ ಮಿಷನರಿ ವೈದ್ಯ ರಾಬರ್ಟ್ ಕಾಕ್ರೇನ್ ಅದನ್ನು ನಮ್ಮ ರೋಗಿಗಳಿಗೆ ಕೊಡತೊಡಗಿದರು. ಕೆಲವೇ ವರ್ಷಗಳಲ್ಲಿ ಅದೇ ಗುಂಪಿನ ಡ್ಯಾಪ್ಸೋನ್ ಮಾತ್ರೆ ಅಗ್ಗವಾಗಿ ಎಲ್ಲ ಕಡೆ ಸಿಗುವಂತಾಯಿತು. ರೋಗಾಣು ಸಾಯಿತು, ಮಚ್ಚೆ ಮಾಸಿತು, ಪರೀಕ್ಷೆಯಲ್ಲಿ 'ನೆಗೆಟಿವ್' ಎಂದು ಬಂತು.

ಕಥೆ ಮುಗಿಯಬೇಕಾದ್ದು ಇಲ್ಲಿ. ಆದರೆ ನೆಗೆಟಿವ್ ಎಂದು ಬರೆಸಿಕೊಂಡು ಮನೆಗೆ ಹೋದವರ ಬೆರಳುಗಳು ಆಮೇಲೂ ಮೊಟಕಾಗುತ್ತಿದ್ದವು, ಅಂಗಾಲಿನಲ್ಲಿ ಆಮೇಲೂ ತೂತು ಬೀಳುತ್ತಿತ್ತು. ಸತ್ತ ನರ ತಿರುಗಿ ಬರುವುದಿಲ್ಲ. ರೋಗ ವಾಸಿಯಾಗಿದೆ, ರೋಗಿ ವಾಸಿಯಾಗಿಲ್ಲ. ನನ್ನ ಚಪ್ಪಲಿಯ ಚರಿತ್ರೆ ಶುರುವಾಗುವುದು ಈ ಎರಡರ ನಡುವಿನ ಜಾಗದಲ್ಲಿ.

ಆ ಜಾಗಕ್ಕೆ ಕಾಲಿಟ್ಟ ವೈದ್ಯ ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ತಂದೆ ತಾಯಿ ಇಬ್ಬರೂ ಮಿಷನರಿಗಳು. ಒಂಬತ್ತನೆಯ ವಯಸ್ಸಿಗೆ ಓದಲೆಂದು ಇಂಗ್ಲೆಂಡಿಗೆ ಕಳಿಸಿದರು. 1929ರಲ್ಲಿ ತಂದೆ ಬೆಟ್ಟದ ಮೇಲೆಯೇ ಜ್ವರದಿಂದ ತೀರಿಕೊಂಡರು, ಮಗ ಮತ್ತೆ ಅವರ ಮುಖ ನೋಡಲಿಲ್ಲ. ಮೊದಲು ಕೆಲವು ವರ್ಷ ಮನೆ ಕಟ್ಟುವ ಕೆಲಸ, ಮರಗೆಲಸ ಕಲಿತು, ಆಮೇಲೆ ಮನಸ್ಸು ಬದಲಿಸಿ ಡಾಕ್ಟರಿಕೆ ಓದಿದರು. ಆ ಉಳಿ, ಸುತ್ತಿಗೆಯ ಅಭ್ಯಾಸ ಮುಂದೆ ಎಷ್ಟು ಉಪಯೋಗಕ್ಕೆ ಬಂತು ಎಂಬುದನ್ನು ಈ ಚಪ್ಪಲಿಯೇ ಹೇಳುತ್ತದೆ. 1946ರಲ್ಲಿ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಅದು 1900ರಲ್ಲಿ ವೈದ್ಯೆ ಐಡಾ ಸ್ಕಡರ್ ಒಂದೇ ಹಾಸಿಗೆಯಿಂದ ಶುರುಮಾಡಿದ ಚಿಕಿತ್ಸಾಲಯದಿಂದ ಬೆಳೆದ ಸಂಸ್ಥೆ.

ಒಂದು ದಿನ ಚೆಂಗಲ್ಪಟ್ಟಿಗೆ ಕಾಕ್ರೇನರನ್ನು ನೋಡಲು ಹೋದಾಗ ಬ್ರ್ಯಾಂಡ್ ಅಲ್ಲಿನ ರೋಗಿಗಳ ಕೈಗಳನ್ನು ಕಂಡರು. ಕೈಮುಗಿಯಲು ಹೋದರೆ ಬೆರಳುಗಳು ಕೊಕ್ಕೆಯಾಗಿ ನಿಲ್ಲುತ್ತಿದ್ದವು. ಅವರು ಮೂಳೆ-ಕೀಲಿನ ಶಸ್ತ್ರವೈದ್ಯರು. ಇಂಥ ಕೈಗಳನ್ನು ಯಾವ ಶಸ್ತ್ರವೈದ್ಯರೂ ಏಕೆ ನೋಡಿಲ್ಲ ಎಂದು ಕೇಳಿದರು. ಒಬ್ಬ ರೋಗಿಯ ಮೊಂಡಾದ ಕೈಯೊಳಗೆ ತಮ್ಮ ಕೈಯಿಟ್ಟು, ಆದಷ್ಟು ಬಿಗಿಯಾಗಿ ಹಿಡಿ ಎಂದರು. ಅವನು ಹಿಡಿದ ಹಿಡಿತಕ್ಕೆ ಡಾಕ್ಟರಿಗೇ ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ಕೈ ಸತ್ತಿಲ್ಲ, ಕೆಲವು ಸ್ನಾಯುಗಳು ಮಾತ್ರ ಸತ್ತಿವೆ, ಉಳಿದವು ಗಟ್ಟಿಯಾಗಿವೆ ಎಂದು ಆ ಹಿಡಿತ ಹೇಳಿತು. ಬದುಕಿರುವ ಸ್ನಾಯುವಿನ ತಂತುವನ್ನು ಸತ್ತ ಸ್ನಾಯುವಿನ ಕೆಲಸಕ್ಕೆ ಹಚ್ಚುವ ಶಸ್ತ್ರಚಿಕಿತ್ಸೆ ವೆಲ್ಲೂರಿನಲ್ಲಿ 1948ರ ಹೊತ್ತಿಗೆ ಶುರುವಾಯಿತು. ಮಡಚಿಕೊಂಡಿದ್ದ ಬೆರಳುಗಳು ಬಿಚ್ಚಿದವು, ಅನ್ನ ಕಲೆಸಿದವು, ಪೆನ್ನು ಹಿಡಿದವು.

ಆಗ ಯಾರೂ ನೆನೆಸದ ಒಂದು ತಾಪತ್ರಯ ಬಂತು. ಕೈ ಸರಿಯಾಗಿ ಊರಿಗೆ ಹೋದ ಕೆಲವರು ಇನ್ನಷ್ಟು ಸೊರಗಿ ವಾಪಸಾದರು. ಕೆಟ್ಟ ಕೈ ಇದ್ದಾಗ ಭಿಕ್ಷೆಯಾದರೂ ಹುಟ್ಟುತ್ತಿತ್ತು, ಈಗ ಭಿಕ್ಷೆಯೂ ಇಲ್ಲ, ರೋಗದ ಹೆಸರು ಹೋಗದ ಕಾರಣ ಕೆಲಸವೂ ಇಲ್ಲ. ಬ್ರ್ಯಾಂಡ್ ಮತ್ತು ಸಂಗಾತಿಗಳು ಕಾಲೇಜಿನ ಆವರಣದಲ್ಲೇ ನವಜೀವ ನಿಲಯ ಎಂಬ ಪುಟ್ಟ ಕೇರಿಯೊಂದನ್ನು ಕಟ್ಟಿದರು. ಅಲ್ಲಿ ಮರಗೆಲಸ ಕಲಿಸಿದರು, ಮಕ್ಕಳ ಆಟಿಕೆ ಮಾಡಿಸಿದರು. ಹಗಲೂ ರಾತ್ರಿ ರೋಗಿಗಳ ಜೊತೆಗೇ ಇದ್ದದ್ದರಿಂದ ಆಸ್ಪತ್ರೆಯ ವಾರ್ಡಿನಲ್ಲಿ ಕಾಣದ್ದೆಲ್ಲ ಕಾಣತೊಡಗಿತು.

ಅದರಲ್ಲಿ ಎರಡು ಪ್ರಸಂಗ ಹೇಳಬೇಕು. ಉಗ್ರಾಣವೊಂದರ ತುಕ್ಕು ಹಿಡಿದ ಬೀಗ ತಿರುಗದೆ ಬ್ರ್ಯಾಂಡ್ ಒದ್ದಾಡುತ್ತಿದ್ದಾಗ ಒಬ್ಬ ಹುಡುಗ, ರೋಗಿಯೇ, ಬಂದು ಕೀಲಿಯನ್ನು ಸಲೀಸಾಗಿ ತಿರುಗಿಸಿಬಿಟ್ಟ. ಇಷ್ಟು ಶಕ್ತಿ ಎಲ್ಲಿಂದ ಬಂತೆಂದು ನೋಡಿದರೆ ನೆಲದ ಮೇಲೆ ರಕ್ತ. ಅವನ ಬೆರಳು ಮೂಳೆ ಕಾಣುವ ಹಾಗೆ ಕೊಯ್ದುಹೋಗಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಇನ್ನೊಂದು, ರಾತ್ರಿ ಮಲಗಿದಾಗ ಇದ್ದ ಬೆರಳಿನ ತುದಿ ಬೆಳಗ್ಗೆ ಇಲ್ಲದಿರುವುದು. ಮಾಂಸ ತಾನಾಗಿ ಉದುರುತ್ತದೆ, ಅದು ಈ ರೋಗದ ಶಾಪ ಎಂದು ಎಲ್ಲರೂ ನಂಬಿದ್ದರು. ರಾತ್ರಿ ಎದ್ದು ಕಾದವರಿಗೆ ಇಲಿ ಕಂಡಿತು. ಬಂದು, ಮೂಸಿ, ಕಡಿದು ತಿಂದರೂ ಮಲಗಿದವನಿಗೆ ಎಚ್ಚರವಿಲ್ಲ. ಅಂದಿನಿಂದ ಅಲ್ಲಿಂದ ಮನೆಗೆ ಹೋಗುವವರು ಔಷಧದ ಜೊತೆ ಒಂದು ಬೆಕ್ಕನ್ನೂ ಒಯ್ಯಬೇಕೆಂದಾಯಿತು. ಯುಗಯುಗಗಳ ಶಾಪದ ಒಂದು ಪಾಲಿಗೆ ಬೆಕ್ಕು ಸಾಕಾಯಿತು! ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಚಿಕಿತ್ಸೆ ಇನ್ನೊಂದಿಲ್ಲ.

ಪಾದದ ಪ್ರಶ್ನೆ ಕೈಗಿಂತ ಕಷ್ಟದ್ದು. ಕೈಗೆ ಕೆಲಸ ಬೇಡವೆನ್ನಬಹುದು, ಕಾಲಿಗೆ ಹೇಗೆ ಹೇಳುವುದು? ಕುಷ್ಠರೋಗಿಯ ಮಾಂಸವೇ ಕೆಟ್ಟದ್ದು, ಅದು ಮಾಯುವುದಿಲ್ಲ ಎಂಬ ನಂಬಿಕೆಯಿತ್ತು. ಹುಣ್ಣಾದ ಪಾದಕ್ಕೆ ಪ್ಲಾಸ್ಟರು ಕಟ್ಟಿ ಭಾರವನ್ನು ಹಂಚಿದಾಗ ಎಲ್ಲರ ಹುಣ್ಣಿನಂತೆ ಇದೂ ಮಾಯಿತು. ಕೆಟ್ಟದ್ದು ಮಾಂಸವಲ್ಲ, ಎಚ್ಚರಿಸುವ ನೋವಿಲ್ಲದಿರುವುದು. ಕಾಲಲ್ಲಿ ಬೊಕ್ಕೆ ಎದ್ದರೆ ನೀವು ನಿಮಗರಿಯದೆಯೇ ಕುಂಟುತ್ತೀರಿ, ಭಾರವನ್ನು ಪಕ್ಕಕ್ಕೆ ಸರಿಸುತ್ತೀರಿ. ನಾವು ಅದೇ ಜಾಗವನ್ನು ಮತ್ತೆ ಮತ್ತೆ ತುಳಿಯುತ್ತೇವೆ. ಹೆಬ್ಬೆರಳ ಬುಡ, ಹಿಮ್ಮಡಿ, ಕಿರುಬೆರಳ ಪಕ್ಕ. ಮೊದಲು ಕೆಂಪು, ಆಮೇಲೆ ಆಣಿಯ ಹಾಗೆ ಗಟ್ಟಿ ಚರ್ಮ, ಅದರಡಿಯಲ್ಲಿ ಕೀವು, ಕೊನೆಗೆ ಮೂಳೆ.

ಬ್ರ್ಯಾಂಡ್ ಅವರಿಗೆ ಇದು ಒಂದು ರಾತ್ರಿ ಸ್ವಂತ ಅನುಭವಕ್ಕೂ ಬಂತು. ಅಮೆರಿಕದಿಂದ ಇಂಗ್ಲೆಂಡಿಗೆ ಬಂದು, ಜ್ವರದ ಮೈಯಲ್ಲಿ ದೂರದ ರೈಲು ಪ್ರಯಾಣ ಮುಗಿಸಿ ಕೋಣೆಯಲ್ಲಿ ಕಾಲುಚೀಲ ಬಿಚ್ಚುತ್ತಿದ್ದಾಗ ಒಂದು ಹಿಮ್ಮಡಿಗೆ ಸ್ಪರ್ಶವೇ ಇಲ್ಲ. ಸೂಜಿ ಚುಚ್ಚಿದರು, ರಕ್ತ ಬಂತು, ನೋವು ಬರಲಿಲ್ಲ. ತಮಗೂ ಕುಷ್ಠ ತಗುಲಿತೆಂದು ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಹೆಂಡತಿ ಮಕ್ಕಳಿಂದ ದೂರ ಹೇಗಿರುವುದು ಎಂದು ಯೋಚಿಸುತ್ತ ಬಿದ್ದಿದ್ದರು. ಬೆಳಗ್ಗೆ ಮತ್ತೆ ಚುಚ್ಚಿದಾಗ ಚುರ್ ಎಂದಿತು. ರೈಲಿನಲ್ಲಿ ಅಲುಗಾಡದೆ ಕೂತು ನರವೊಂದು ಅಮುಕಿ ಮರಗಟ್ಟಿತ್ತು, ಅಷ್ಟೆ. ಆ ಚುರುಕಿಗೆ ಅವರು ದೇವರಿಗೆ ಸ್ತೋತ್ರ ಹೇಳಿದರು. ಮುಂದೆ 1993ರಲ್ಲಿ ಲೇಖಕ ಫಿಲಿಪ್ ಯಾನ್ಸಿಯವರ ಜೊತೆ ಸೇರಿ ನೋವಿನ ಮೇಲೆ ಪುಸ್ತಕವನ್ನೇ ಬರೆದು, ಅದನ್ನು ಯಾರಿಗೂ ಬೇಡವಾದ ವರದಾನವೆಂದು ಕರೆದರು.

ಹಾಗಾಗಿ ನೋವು ಮಾಡಬೇಕಾದ ಕೆಲಸವನ್ನು ಚಪ್ಪಲಿ ಮಾಡಬೇಕಾಯಿತು. ಆಗ ಹಳ್ಳಿಗಳಲ್ಲಿದ್ದದ್ದು ಬರಿಗಾಲು, ಇಲ್ಲವೇ ಮೊಳೆ ಹೊಡೆದ ಟೈರ್ ಚಪ್ಪಲಿ. ಮೊಳೆ ಮೇಲೆದ್ದು ಪಾದದೊಳಗೆ ಇಳಿದರೂ ಸಂಜೆಯವರೆಗೆ ನಡೆಯುವ ಜನ ಇವರು. ವೆಲ್ಲೂರಿನಲ್ಲೂ, 1955ರಲ್ಲಿ ಅಲ್ಲಿಗೆ ಹತ್ತಿರದ ಕರಿಗಿರಿಯಲ್ಲಿ ತೆರೆದ ಶೆಫೆಲಿನ್ ಕುಷ್ಠರೋಗ ಸಂಶೋಧನಾ ಕೇಂದ್ರದಲ್ಲೂ ಮರದ ಅಟ್ಟೆ ಮಾಡಿ ನೋಡಿದರು, ಮೇಣದಲ್ಲಿ ಪಾದದ ಅಚ್ಚು ತೆಗೆದು ನೋಡಿದರು, ಪ್ಲಾಸ್ಟರು, ಪ್ಲಾಸ್ಟಿಕ್ಕು ಎಲ್ಲ ಆಯಿತು. ಮೆತ್ತಗಿದ್ದರೆ ಬೇಗ ಚಪ್ಪಟೆಯಾಗುತ್ತದೆ, ಗಟ್ಟಿಯಿದ್ದರೆ ಒತ್ತುತ್ತದೆ. ಒತ್ತಿದರೆ ತಗ್ಗಬೇಕು, ನೆಲ ಮುಟ್ಟಬಾರದು. ಇದಕ್ಕೆ ಒಗ್ಗಿದ್ದು ಗಾಳಿಗೂಡಿನ ರಬ್ಬರು. ಅದರ ಕೆಳಗೆ ಮುಳ್ಳು, ಗಾಜು ತೂರದಂಥ ಗಟ್ಟಿ ಅಟ್ಟೆ, ಮೊಳೆಯ ಬದಲು ಅಂಟು ಮತ್ತು ಹೊಲಿಗೆ. ಹಿಂಬಾರು ಏಕೆಂದರೆ, ಸ್ಪರ್ಶವಿಲ್ಲದ ಕಾಲಿನಿಂದ ಚಪ್ಪಲಿ ಜಾರಿಬಿದ್ದರೆ ನಡೆಯುವವನಿಗೆ ಗೊತ್ತಾಗುವುದಿಲ್ಲ.

ಇದನ್ನು ಬರೆಯುವಾಗ ಕನ್ನಡದ ಮೇಷ್ಟ್ರಾಗಿದ್ದವಳಿಗೆ ಹರಳಯ್ಯ ನೆನಪಾಗದೆ ಇರುವುದು ಸಾಧ್ಯವಿಲ್ಲ. ಬಸವಣ್ಣನವರ ಒಂದು ಶರಣಿಗೆ ಋಣಿಯಾಗಿ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದರೆಂಬ ಕಥೆಯನ್ನು ಎಷ್ಟು ತರಗತಿಗಳಿಗೆ ಹೇಳಿದ್ದೇನೋ. ಚಪ್ಪಲಿ ಹೊಲಿಯುವುದನ್ನು ಕೀಳೆಂದ ನಾಡಿನಲ್ಲೇ ಚಪ್ಪಲಿ ಭಕ್ತಿಯ ಮಾತೂ ಆಗಿದೆ. ಕುಷ್ಠರೋಗ ಆಸ್ಪತ್ರೆಗಳ ಚಪ್ಪಲಿ ಶೆಡ್ಡುಗಳಲ್ಲಿ ಗುಣವಾದ ರೋಗಿಗಳೇ ಕೂತು ಇನ್ನೊಬ್ಬ ರೋಗಿಯ ಪಾದಕ್ಕೆ ಅಳತೆ ತೆಗೆಯತೊಡಗಿದಾಗ ಮುಟ್ಟಬಾರದ ರೋಗ, ಮುಟ್ಟಬಾರದ ಕಸುಬು ಎರಡೂ ಒಂದೇ ಮಣೆಯ ಮೇಲೆ ಕೂತವು. ಡಾಕ್ಟರುಗಳ ಹೆಸರು ಪುಸ್ತಕಗಳಲ್ಲಿದೆ. ಈ ಮಣೆಯ ಮೇಲೆ ಕೂತವರ ಹೆಸರು ಎಲ್ಲೂ ಇಲ್ಲ.

ನನಗೆ ಚಪ್ಪಲಿ ಮಾಡಿಕೊಡುವವರು ಒಂದು ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೂರುತ್ತಾರೆ. ಅಂಟಿನ ಘಾಟು, ಗೋಡೆಗೆ ನೇತುಹಾಕಿದ ಕಾಲಿನ ಅಚ್ಚುಗಳು, ಮೂಲೆಯಲ್ಲಿ ಉಜ್ಜುವ ಯಂತ್ರ. ಮೊದಲು ಮಸಿ ಹಚ್ಚಿದ ಒಂದು ರಬ್ಬರು ಹಾಳೆ ಹಾಸಿ, ಅದರಡಿ ಬಿಳಿ ಕಾಗದವಿಟ್ಟು, "ಒಂದೇ ಸಲ ತುಳೀರಮ್ಮ, ಆಮೇಲೆ ಅಲುಗಾಡ್ಬೇಡಿ" ಎನ್ನುತ್ತಾರೆ. ಕಾಗದ ಎತ್ತಿದರೆ ನನ್ನ ಪಾದ ಚೌಕುಳಿ ಚೌಕುಳಿಯಾಗಿ ಮೂಡಿರುತ್ತದೆ. ಎಲ್ಲಿ ಭಾರ ಹೆಚ್ಚೋ ಅಲ್ಲಿ ಕಡುಗಪ್ಪು. ಬಲಗಾಲಿನ ಹೆಬ್ಬೆರಳ ಬುಡದ ಕಪ್ಪು ಮಚ್ಚೆಯ ಮೇಲೆ ಬೆರಳಿಟ್ಟು, "ನಿಮ್ಮ ಶತ್ರು ಇಲ್ಲವ್ನೆ ನೋಡಿ" ಎಂದರು. ಅಷ್ಟು ಜಾಗದ ಹಿಂದೆ ರಬ್ಬರನ್ನು ಸ್ವಲ್ಪ ಎತ್ತರಿಸಿ ಕಮಾನು ಕೊಟ್ಟರು. ಚಪ್ಪಲಿ ಸಿದ್ಧವಾದ ಮೇಲೆ ತಮ್ಮ ಅಂಗೈಯನ್ನು ಒಳಗೆ ತೂರಿಸಿ ನಿಧಾನವಾಗಿ ಎಲ್ಲ ಕಡೆ ಸವರಿ ನೋಡಿದರು. ದಿನಾ ಹಾಕುವ ಮುಂಚೆ ನೀವೂ ಹೀಗೆಯೇ ಮಾಡಬೇಕು, ಒಳಗೆ ಒಂದು ಮರಳ ಹರಳಿದ್ದರೂ ನಿಮ್ಮ ಕಾಲಿಗೆ ಗೊತ್ತಾಗಲ್ಲ, ಕೈಗೆ ಗೊತ್ತಾಗುತ್ತೆ ಎಂದರು. ಹೊಸ ಚಪ್ಪಲಿಯನ್ನು ಮೊದಲ ದಿನವೇ ಸಂತೆಗೆ ಹಾಕಿಕೊಂಡು ಹೋಗುವಂತಿಲ್ಲ. ಸ್ವಲ್ಪ ಹೊತ್ತು ಹಾಕಿ, ತೆಗೆದು, ಪಾದದಲ್ಲಿ ಎಲ್ಲಾದರೂ ಕೆಂಪಾಗಿದೆಯೇ ನೋಡಿ, ಆಮೇಲೆ ಹೊತ್ತು ಹೆಚ್ಚಿಸಬೇಕು. ರಬ್ಬರು ಕುಸಿದು ಮೇಲೇಳದಿದ್ದರೆ, ನೋಡಲು ಹೊಸದರಂತಿದ್ದರೂ ಅದರ ಕೆಲಸ ಮುಗಿಯಿತು.

ಕುಷ್ಠದ ಚಪ್ಪಲಿ ಸಕ್ಕರೆಯವರ ಕಾಲಿಗೆ ಬಂದದ್ದು ಸಮುದ್ರ ದಾಟಿ. ಬ್ರ್ಯಾಂಡ್ 1966ರಲ್ಲಿ ಕಾರ್ವಿಲ್ ಆಸ್ಪತ್ರೆಗೆ ಹೋದರು. ಕ್ಯಾಥೊಲಿಕ್ ಸನ್ಯಾಸಿನಿಯರು 1896ರಿಂದ ರೋಗಿಗಳ ಶುಶ್ರೂಷೆ ಮಾಡಿಕೊಂಡು ಬಂದಿದ್ದ ಜಾಗ ಅದು. ಅಮೆರಿಕದಲ್ಲಿ ಕುಷ್ಠ ಅಪರೂಪ, ಸಕ್ಕರೆ ಕಾಯಿಲೆ ಮನೆಮನೆಯಲ್ಲಿ. ಎರಡೂ ರೋಗಗಳು ನರವನ್ನು ಕೆಡಿಸುವ ದಾರಿ ಬೇರೆ, ಆದರೆ ಸ್ಪರ್ಶವಿಲ್ಲದ ಪಾದ ಹುಣ್ಣಾಗುವ ರೀತಿ ಒಂದೇ. ವೆಲ್ಲೂರಿನ ರೋಗಿಗಳ ಅಂಗಾಲಿನಿಂದ ಕಲಿತದ್ದನ್ನು ಅಲ್ಲಿ ಸಕ್ಕರೆಯವರ ಕಾಲಿಗೆ ಹಚ್ಚಿದರು. ಇವತ್ತು ನಮ್ಮ ಡಾಕ್ಟರು ಕಣ್ಣು ಮುಚ್ಚಿ ಎಂದು ಹೇಳಿ ಪಾದಕ್ಕೆ ಒಂದು ನೈಲಾನ್ ಎಳೆ ಮುಟ್ಟಿಸಿ "ಗೊತ್ತಾಯ್ತಾ?" ಎಂದು ಕೇಳುತ್ತಾರಲ್ಲ, 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ, ಆ ಅಳತೆಯನ್ನು ಪಾದಕ್ಕೆ ನಿಗದಿ ಮಾಡಿದ್ದೂ 1980ರ ದಶಕದ ಕಾರ್ವಿಲ್‌ನವರೇ. ಕುಷ್ಠರೋಗಿಗಳಿಗೆ ದಿನಾ ಕಾಲು ನೀರಿನಲ್ಲಿ ನೆನೆಸಿ, ಗಟ್ಟಿ ಚರ್ಮ ಉಜ್ಜಿ, ಎಣ್ಣೆ ಹಚ್ಚಲು ಹೇಳುತ್ತಾರೆ. ನಮಗೆ ಬಹಳ ಹೊತ್ತು ನೆನೆಸಬೇಡಿ ಎನ್ನುತ್ತಾರೆ. ಅಷ್ಟು ವ್ಯತ್ಯಾಸ ಬಿಟ್ಟರೆ ಪಾಠ ಒಂದೇ.

ಒಂದು ಕಾಲಕ್ಕೆ ಈ ಚಪ್ಪಲಿ ದೂರದಿಂದಲೇ ರೋಗವನ್ನು ಸಾರಿ ಹೇಳುತ್ತಿತ್ತು. ಅದಕ್ಕೇ ಎಷ್ಟೋ ಕುಷ್ಠರೋಗಿಗಳು ಅದನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಯಿಂದ ಹೊರಟು, ಮನೆಯಲ್ಲಿ ಅಟ್ಟಕ್ಕೆ ಹಾಕಿ, ಬರಿಗಾಲಲ್ಲಿ ನಡೆದು ಕಾಲು ಕಳೆದುಕೊಂಡರು. ನಾಚಿಕೆ ರೋಗಕ್ಕಿಂತ ಹೆಚ್ಚು ಬೆರಳು ತಿಂದಿದೆ. ಈಗ ಬ್ಯಾಂಕಿನ ಮ್ಯಾನೇಜರೂ ಮೇಷ್ಟರ ಹೆಂಡತಿಯೂ ಅದನ್ನೇ ಹಾಕುತ್ತಾರೆ. ಯಾರ ಕಾಲಲ್ಲಿ ಯಾವ ಕಾಯಿಲೆ ಎಂದು ಚಪ್ಪಲಿ ನೋಡಿ ಹೇಳಲಾಗದು. ಕುಷ್ಠರೋಗಿಗಳು ನಮಗೆ ಪಾದ ಉಳಿಸುವ ವಿದ್ಯೆ ಕೊಟ್ಟರು. ನಾವು ಗೊತ್ತಿಲ್ಲದೆಯೇ ಅವರ ಚಪ್ಪಲಿಯ ಕಳಂಕವನ್ನು ಒರೆಸಿದೆವು. ನನ್ನ ಕೂಟದ ಆ ತಂಗಿಗೆ ನಾನು ಹೇಳಿದ್ದು ಇಷ್ಟೆ, ಕಾಲು ಹಿಂದಕ್ಕೆಳೆದುಕೊಳ್ಳಬೇಡಮ್ಮ, ಮುಂದೆ ಚಾಚು.

ಇನ್ನು ನಂಬಿಕೆಯ ಮಾತು. ನಮ್ಮಲ್ಲಿ ಸ್ವಸ್ಥತಾ ಕೂಟಗಳು ನಡೆಯುತ್ತವೆ. ಧ್ವನಿವರ್ಧಕ, ಕೂಗಿ ಪ್ರಾರ್ಥನೆ, ವಾಸಿಯಾದವರು ವೇದಿಕೆ ಹತ್ತಿ ಸಾಕ್ಷಿ ಹೇಳುವುದು. ಒಮ್ಮೆ ಒಬ್ಬ ಬೋಧಕರು ನನ್ನ ಚಪ್ಪಲಿ ನೋಡಿ, ಇದನ್ನು ಬಿಟ್ಟು ನಂಬಿಕೆಯಿಂದ ನಡೆಯಮ್ಮ ಎಂದರು. ನಾನು ನಡೆಯಲಿಲ್ಲ. ಕರ್ತನು ಕುಷ್ಠರೋಗಿಯನ್ನು ಮುಟ್ಟಿ ಶುದ್ಧ ಮಾಡಿದ್ದನ್ನು ನಾನು ನಂಬುತ್ತೇನೆ. ಆದರೆ ಸುವಾರ್ತೆಯ ಕಥೆ ಅವನು ಶುದ್ಧನಾದಲ್ಲಿಗೆ ನಿಲ್ಲುತ್ತದೆ. ಮರುದಿನ ಅವನು ಯಾವ ಕೆಲಸಕ್ಕೆ ಹೋದ, ಅವನಿಗೆ ಯಾರು ಕೂಲಿ ಕೊಟ್ಟರು, ಕಾಲಿಗೆ ಏನು ಹಾಕಿಕೊಂಡ ಎಂದು ಯಾರೂ ಬರೆದಿಲ್ಲ. ವೆಲ್ಲೂರು, ಕರಿಗಿರಿಯವರು ಎತ್ತಿಕೊಂಡದ್ದು ಆ ಬರೆಯದ ಮರುದಿನವನ್ನು. ಅಪೊಸ್ತಲ ಪೌಲನೂ ತನ್ನ ಶರೀರದ ಶೂಲವನ್ನು ತೆಗೆ ಎಂದು ಮೂರು ಸಲ ಬೇಡಿದ, ಶೂಲ ಉಳಿಯಿತು, ಸಾಕಷ್ಟು ಕೃಪೆ ಸಿಕ್ಕಿತು. ಅವನಿಗೆ ನಂಬಿಕೆ ಕಡಿಮೆಯಿತ್ತೆಂದು ಯಾವ ಬೋಧಕರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮೇರಿ ವರ್ಗೀಸ್ ಎಂಬ ಡಾಕ್ಟರನ್ನು ಇಲ್ಲಿ ನೆನೆಯಬೇಕು. ಕೇರಳದ ಚೆರಾಯಿಯವರು, ವೆಲ್ಲೂರಿನಲ್ಲಿ ಓದಿದವರು. 1954ರಲ್ಲಿ ವಾಹನ ಅಪಘಾತವಾಗಿ ಬೆನ್ನುಹುರಿ ತುಂಡಾಯಿತು, ಸೊಂಟದ ಕೆಳಗೆ ಚಲನೆಯಿಲ್ಲ, ಮುಖಕ್ಕೂ ಗಾಯ. ಗಾಲಿಕುರ್ಚಿಯಲ್ಲಿ ಕೂತು ಮಾಡಬಹುದಾದ ಶಸ್ತ್ರಚಿಕಿತ್ಸೆ ಯಾವುದೆಂದು ಹುಡುಕಿದರೆ ಸಿಕ್ಕಿದ್ದು ಕುಷ್ಠರೋಗಿಗಳ ಕೈಯ ಶಸ್ತ್ರಚಿಕಿತ್ಸೆ. ಅದನ್ನು ಕೂತೇ ಮಾಡಬಹುದು. ಆಕೆ ಗಾಲಿಕುರ್ಚಿಯಲ್ಲೇ ಕೂತು ಬೇರೆಯವರ ಬೆರಳು ಬಿಚ್ಚಿಸಿದರು. ತಮ್ಮ ಕಾಲಿಗಾಗಿ ಪ್ರಾರ್ಥಿಸದೆ ಇದ್ದರೆಂದು ನಾನು ಹೇಳಲಾರೆ, ಯಾರು ಪ್ರಾರ್ಥಿಸುವುದಿಲ್ಲ? ಆದರೆ ಉತ್ತರ ಬರುವವರೆಗೆ ಕೈಕಟ್ಟಿ ಕೂರಲಿಲ್ಲ. ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು ವೆಲ್ಲೂರಿನಲ್ಲಿ ಅದರ ವಿಭಾಗ ಕಟ್ಟಿದರು. ಬೆನ್ನುಹುರಿ ಮುರಿದವರಿಗೆ 1966ರಲ್ಲಿ ಅಲ್ಲೊಂದು ಪುನರ್ವಸತಿ ಕೇಂದ್ರವೇ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ಅವರು ತೀರಿಕೊಂಡಾಗ ಗಾಲಿಕುರ್ಚಿಯಲ್ಲಿ ಮೂರು ದಶಕ ದಾಟಿತ್ತು.

ಬ್ರ್ಯಾಂಡ್ ಅವರ ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ನೋವು ವರದಾನ ಎನ್ನುವುದು ಅರ್ಧ ಸರಿ. ಎಚ್ಚರಿಸುವ ನೋವು ವರ. ನನ್ನ ಪಾದಗಳಲ್ಲಿ ಕೆಲವು ವರ್ಷ ಇದ್ದ ರಾತ್ರಿಯ ಉರಿ ಯಾವುದನ್ನೂ ಎಚ್ಚರಿಸಲಿಲ್ಲ. ಗಾಯವಿಲ್ಲ, ಬೊಕ್ಕೆಯಿಲ್ಲ, ಸಾಯುತ್ತಿರುವ ನರ ಸುಮ್ಮನೆ ಸುಳ್ಳು ಕೂಗು ಹಾಕುತ್ತಿತ್ತು. ಹೊದಿಕೆ ತಾಗಿದರೂ ಬೆಂಕಿ. ಅದಕ್ಕೆ ಸ್ತೋತ್ರ ಹೇಳಲು ನನ್ನಿಂದ ಆಗಲಿಲ್ಲ, ಹೇಳಬೇಕೆಂದೂ ನನಗನ್ನಿಸುವುದಿಲ್ಲ. ಮೈಯ ಹುಣ್ಣಿಗೆ ಯೋಬನೂ ಹೇಳಲಿಲ್ಲ, ಕೂಗಾಡಿದ. ಕೂಗಾಟಕ್ಕೂ ಸತ್ಯವೇದದಲ್ಲಿ ಒಂದು ಇಡೀ ಪುಸ್ತಕದ ಜಾಗವಿದೆ.

ಬ್ರ್ಯಾಂಡ್ ಅವರ ತಾಯಿ ಎವೆಲಿನ್, ಗಂಡ ಸತ್ತ ಮೇಲೂ ಮಿಷನರಿಯಾಗಿಯೇ ಉಳಿದರು. ನಿವೃತ್ತಿಯಾದ ಮೇಲೆ ಮಿಷನ್ ಕಳಿಸದಿದ್ದರೂ ತಾವೇ ಬೆಟ್ಟಗಳ ಮೇಲೆ ಹೋಗಿ ನೆಲೆಸಿ, ಬಿದ್ದು ಮೂಳೆ ಮುರಿದುಕೊಂಡ ನಂತರ ಎರಡು ಬಿದಿರುಕೋಲು ಊರಿಕೊಂಡು, ಕುದುರೆ ಏರಿ ಹಳ್ಳಿ ತಿರುಗುತ್ತ, 1974ರಲ್ಲಿ 95ರ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಮನೆಯಲ್ಲಿ ಕನ್ನಡಿಯೇ ಇಟ್ಟುಕೊಂಡಿರಲಿಲ್ಲವಂತೆ. ನನಗೆ ಕನ್ನಡಿ ಬೇಕೇ ಬೇಕು, ಅಂಗಾಲು ನೋಡಿಕೊಳ್ಳಲು. ರಾತ್ರಿ ಊಟವಾದ ಮೇಲೆ ಮಂಚದಂಚಿಗೆ ಕೂತು, ನೆಲದ ಮೇಲೆ ಕನ್ನಡಿಯಿಟ್ಟು ಪಾದ ಎತ್ತುತ್ತೇನೆ. ನನ್ನ ಕಣ್ಣಿಗೆ ಸರಿಯಾಗಿ ಕಾಣದ್ದನ್ನು ಯಜಮಾನರು ಟಾರ್ಚು ಹಿಡಿದು ನೋಡುತ್ತಾರೆ.

"ರೀ, ಕಿರುಬೆರಳ ಸಂದಿ ನೋಡಿದ್ರಾ?"

"ನೋಡ್ದೆ ಕಣೇ, ಚೆನ್ನಾಗೈತೆ. ಹಿಮ್ಮಡಿ ಒಡ್ದೈತೆ, ಎಣ್ಣೆ ಹಚ್ಕೋ."

ಆಮೇಲೆ ಸತ್ಯವೇದ ತೆಗೆಯುತ್ತೇವೆ. ಮೊದಲು ಪಾದ, ಆಮೇಲೆ ಪ್ರಾರ್ಥನೆ. ಪ್ರಾರ್ಥನೆ ಮುಗಿದರೆ ಇಬ್ಬರಿಗೂ ನಿದ್ದೆ ಬರುತ್ತದೆ, ಕಾಲು ನೋಡುವುದು ತಪ್ಪುತ್ತದೆ ಎಂಬುದು ಇದರ ಹಿಂದಿನ ದೇವಶಾಸ್ತ್ರ.

ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತಿನಲ್ಲಿ ಗೆಡ್ಡೆ ಕರಗಿದವರು, ಮಗು ಆದವರು, ಕೆಲಸ ಸಿಕ್ಕಿದವರು ಏಳುತ್ತಾರೆ. ವಾಸಿಯಾಗದವರು ಏಳುವ ರೂಢಿಯಿಲ್ಲ. ನಾನು ಈಗ ಏಳುತ್ತೇನೆ. ಸಕ್ಕರೆ ಹೋಗಿಲ್ಲ, ಕಾಲಿಗೆ ಸ್ಪರ್ಶ ಬಂದಿಲ್ಲ, ಈ ತಿಂಗಳೂ ಹುಣ್ಣಾಗಲಿಲ್ಲ, ಕರ್ತನಿಗೆ ಸ್ತೋತ್ರ, ಚಪ್ಪಲಿ ಹೊಲಿದವರಿಗೆ ವಂದನೆ ಎಂದು ಹೇಳಿ ಕೂರುತ್ತೇನೆ. ಮೊದಮೊದಲು ಜನ ನಕ್ಕರು. ಈಗ ಆರಾಧನೆ ಮುಗಿದ ಮೇಲೆ ಒಬ್ಬಿಬ್ಬರು ವಯಸ್ಸಾದವರು ಹತ್ತಿರ ಬಂದು, ಆ ಚಪ್ಪಲಿ ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ ಎಂದು ಕೇಳುತ್ತಾರೆ. ಅಳತೆ ಕೊಟ್ಟೇ ಮಾಡಿಸಿ, ಅಂಗಡಿಯಲ್ಲಿ ನೇತುಹಾಕಿದ್ದನ್ನು ಸುಮ್ಮನೆ ತರಬೇಡಿ ಎನ್ನುತ್ತೇನೆ. ದುಡ್ಡಿಲ್ಲದವರಿಗೆ ಸಭೆಯ ಹಣದಿಂದ ಕೊಡಿಸೋಣವೆಂದು ಸಭಾಪಾಲಕ ಅಯ್ಯನವರನ್ನು ಕೇಳಿದ್ದೇನೆ. ಹೂವಿನ ಅಲಂಕಾರದ ಖರ್ಚಿನಲ್ಲಿ ಉಳಿಸಿ ನೋಡೋಣ ಎಂದಿದ್ದಾರೆ.